ಕರಿಯಣ್ಣ ಕೊಡದ ಚಕ್ರ

ಪುಷ್ಪಮ್ಮ ಅಳಲಿಲ್ಲ. ನನಗೆ ಅವಳ ಮೇಲೆ ಗೌರವ ಹುಟ್ಟಿದ್ದೇ ಅದರಿಂದ. ಹುಲಿಗೆಮ್ಮನವರ ಮನೆಗೆ ದೂರು ಹೊತ್ತು ಬರುವವರು ಸಾಮಾನ್ಯವಾಗಿ ಹೊಸ್ತಿಲು ದಾಟುವ ಮೊದಲೇ ಸೆರಗನ್ನು ಕಣ್ಣಿಗೆ ಒತ್ತಿಕೊಂಡಿರುತ್ತಾರೆ. ಈ ಹೆಂಗಸು ಭದ್ರಾವತಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಶಿವಮೊಗ್ಗದ ಕೋಟೆಯ ಓಣಿಗಳಲ್ಲಿ ಮನೆ ಹುಡುಕಿ, ಕೊಟ್ಟ ಕಾಫಿಯನ್ನು ಪಕ್ಕಕ್ಕೆ ಸರಿಸಿ, ನೆಟ್ಟಗೆ ಕೂತು ಹೇಳಿದಳು:

"ನನಗೆ ಸಮಾಧಾನ ಬೇಡಮ್ಮ. ಹೆಸರು ಬೇಕು. ನನ್ನ ಗಂಡನ ತಲೆಗೆ ಇದನ್ನ ಕಟ್ಟಿದೋರು ಯಾರು ಅಂತ ಹೇಳಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಹುಲಿಗೆಮ್ಮನವರು ಪೊಲೀಸ್ ಇಲಾಖೆಯಲ್ಲಿ ಎಎಸ್‌ಐ ಆಗಿ ನಿವೃತ್ತರಾದವರು. ಅವರ ಮನೆಯ ಮಹಡಿಯ ಬಾಡಿಗೆದಾರ ನಾನು, ಓಂಕಾರಪ್ಪ, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ಅವರಿಗೆ ಮಂಡಿ ನೋವು, ನನ್ನ ಹತ್ತಿರ ಸ್ಕೂಟರ್ ಇದೆ. ನಮ್ಮ ಸ್ನೇಹ ಶುರುವಾದದ್ದು ಹಾಗೆ. ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂದು ಅವರು ಆಡಿಕೊಳ್ಳುತ್ತಾರೆ. ಅವರ ನಿಧಾನವನ್ನು ನಿತ್ಯ ನೋಡುವ ಯಾರಿಗಾದರೂ ಸಿಟ್ಟು ಅಲ್ಲಿಗೇ ಬಂದು ಕೂರುತ್ತದೆ.

"ಮೊದಲಿಂದ ಹೇಳು," ಎಂದರು ಹುಲಿಗೆಮ್ಮ.

ಪುಷ್ಪಮ್ಮನ ಗಂಡ ಕರಿಯಣ್ಣ ಭದ್ರಾವತಿಯ ಹಳೇನಗರದಲ್ಲಿ ಜೀಪು ರಿಪೇರಿ ಮಾಡುವವನು. ಶಿವಮೊಗ್ಗದ ಯಜ್ಞನಾರಾಯಣ ಎಂಬುವರು, ಒಂದು ಖಾಸಗಿ ಹೈಸ್ಕೂಲಿನ ಆಡಳಿತ ಮಂಡಳಿಯ ಕಾರ್ಯದರ್ಶಿ, ತಮ್ಮ ಪುಟ್ಟ ಫೋರ್‌ವೀಲ್ ಡ್ರೈವ್ ಗಾಡಿಗೆ ಒಂದು ಸ್ಟೆಪ್ನಿ ಬೇಕೆಂದು ವರ್ಷವಿಡೀ ಅಲೆದಿದ್ದರು. ಹಳೆಯ ಸ್ಟೆಪ್ನಿಯ ರಿಮ್ಮು ಸೀಳಿಹೋಗಿತ್ತು. ಗಾಡಿಯ ತಯಾರಿಕೆ ನಿಂತು ಎಷ್ಟೋ ಕಾಲವಾದ್ದರಿಂದ ಅದಕ್ಕೆ ಹೊಂದುವ ಚಕ್ರ ಎಲ್ಲೂ ಸಿಕ್ಕಿರಲಿಲ್ಲ. ಕೊನೆಗೆ ಕರಿಯಣ್ಣನೇ ಎಲ್ಲಿಂದಲೋ ಒಂದನ್ನು ಹುಡುಕಿ ತಂದು, ಗಾಡಿಗೆ ಹಾಕಿ ಓಡಿಸಿ ನೋಡಿ, ಹಿಂಬಾಗಿಲಿಗೆ ನೇತುಹಾಕಿ ಕಳಿಸಿದ್ದ. ಅದು ಆಯುಧಪೂಜೆಗೆ ಒಂದು ವಾರ ಮುಂಚೆ.

ಹಬ್ಬ ಕಳೆದ ಆರನೇ ದಿನ ಬೆಳಿಗ್ಗೆ ಗಾಡಿಯ ಹಿಂದಿನ ಎಡ ಟೈರಿನಲ್ಲಿ ಗಾಳಿ ಇರಲಿಲ್ಲ. ಯಜ್ಞನಾರಾಯಣರ ಅಕ್ಕನ ಮಗ ಆಕರ್ಷ ಆ ಸ್ಟೆಪ್ನಿ ಹಾಕಿಕೊಟ್ಟ. ಅವರು ಒಬ್ಬರೇ ಭದ್ರಾವತಿಯ ಕಡೆ ಹೊರಟರು. ಮಾಚೇನಹಳ್ಳಿ ದಾಟುತ್ತಿದ್ದಂತೆ ಆ ಚಕ್ರ ಕಳಚಿಕೊಂಡು ಗಾಡಿಗಿಂತ ಮುಂದೆ ಓಡಿತು. ಗಾಡಿ ಎರಡು ಪಲ್ಟಿ ಹೊಡೆದು ಚರಂಡಿಗೆ ಬಿತ್ತು. ಜೀವ ಉಳಿಯಿತು, ಬಲಗಾಲು ಮೂರು ಕಡೆ ಮುರಿಯಿತು.

"ಚಕ್ರ ಬೇರೆ ಯಾವ್ದೋ ಜೀಪಿಂದಂತೆ," ಎಂದಳು ಪುಷ್ಪಮ್ಮ. "ಗೊತ್ತಿದ್ದೂ ಮೋಸ ಮಾಡಿ ಕೊಟ್ಟ ಅಂತ ಕಂಪ್ಲೇಂಟು. ಅವರ ಕಡೆಯೋರು ಬಂದು ಅಂಗಡಿ ಸಾಮಾನೆಲ್ಲ ರಸ್ತೆಗೆ ಎಸೆದ್ರು. ಬೋರ್ಡಿನ ಮೇಲೆ ಮಸಿಯಲ್ಲಿ ಕೊಲೆಗಾರ ಅಂತ ಬರೆದ್ರು. ಒಂಬತ್ತು ದಿನ ಆಯ್ತು, ದಿನಾ ಸ್ಟೇಷನ್ನಿಗೆ ಕರೆಸಿ ಕೂರಿಸ್ತಾರೆ. ಶುಕ್ರವಾರ ಅರೆಸ್ಟ್ ಮಾಡ್ತೀವಿ ಅಂದಿದಾರೆ."

ಅಂದು ಬುಧವಾರ.

"ನಿನ್ನ ಗಂಡ ಏನಂತಾನೆ?"

"ಅದು ನಾನು ಕೊಟ್ಟ ಚಕ್ರ ಅಲ್ಲ ಅಂತಾನೆ. ಇಪ್ಪತ್ತು ಸಲ ಕೇಳಿದ್ರೂ ಅದೊಂದೇ ಮಾತು. ಜಾಸ್ತಿ ಮಾತಾಡೋ ಮನುಷ್ಯ ಅಲ್ಲಮ್ಮ ಅವ್ನು. ಅದಕ್ಕೇ ಎಲ್ಲಾ ಸೇರಿ ತುಳೀತಿದಾರೆ."

ಹುಲಿಗೆಮ್ಮ ಕೋಲು ಹಿಡಿದು ಎದ್ದರು. "ಸ್ಕೂಟರ್ ತೆಗೀರಿ ಮೇಷ್ಟ್ರೇ."

ಠಾಣೆಯ ಅಂಗಳದಲ್ಲಿ ಆ ಪುಟ್ಟ ಗಾಡಿ ನೆಲಕ್ಕೆ ಕುಸಿದು ನಿಂತಿತ್ತು. ಇನ್ಸ್‌ಪೆಕ್ಟರ್ ಹುಲಿಗೆಮ್ಮನವರ ಪಕ್ಕ ಕೂತು ಕೆಲಸ ಕಲಿತವನು, ಆದ್ದರಿಂದ ಬೇಡ ಎನ್ನಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಕರಿಯಣ್ಣನನ್ನು ಅವರೇ ಕರೆದರು.

"ಈ ಚಕ್ರ ಯಾಕೆ ಕಳಚ್ತು ಅಂತ ಮೇಷ್ಟ್ರಿಗೆ ಅರ್ಥ ಆಗೋ ಹಾಗೆ ಹೇಳಪ್ಪ," ಎಂದರು. ತಮಗೆ ಅರ್ಥವಾಗದ್ದಕ್ಕೆಲ್ಲ ನನ್ನ ಹೆಸರು ಹೇಳುವುದು ಅವರ ಪದ್ಧತಿ.

ಕರಿಯಣ್ಣ ಕುಕ್ಕರುಗಾಲಿನಲ್ಲಿ ಕೂತು ಚಕ್ರಕ್ಕೆ ಕೈ ಹಚ್ಚಿದ. "ನಟ್ಟು ಕೂರೋ ಐದು ತೂತೂ ಸರಿಯಾಗೇ ಹೊಂದ್ತವೆ ಸಾರ್. ಮೋಸ ಹೋಗೋದು ಅಲ್ಲೇ. ನಡುವಿನ ದೊಡ್ಡ ತೂತು ನೋಡಿ, ಚೂರೇ ಚೂರು ಚಿಕ್ಕದು. ಚಕ್ರ ಅದರ ಹಿಂದಿರೋ ಬ್ರೇಕ್ ಡ್ರಮ್ಮಿಗೆ ಅಂಟಿ ಕೂರಲ್ಲ. ನಟ್ಟು ಮಾತ್ರ ಬಿಗಿಯಾದಂಗೆ ಅನ್ಸುತ್ತೆ. ಎಂಟ್ಹತ್ತು ಕಿಲೋಮೀಟ್ರು ಹೋಗೋಷ್ಟ್ರಲ್ಲಿ ಅಲುಗಾಡಿ ಅಲುಗಾಡಿ ಬಿಟ್ಕೊಳ್ಳುತ್ತೆ. ನಾನು ಇದನ್ನ ಕೊಡ್ತೀನಾ? ನಾನು ಕೊಟ್ಟಿದ್ರ ಒಳಗಡೆ 417 ಅಂತ ಪಂಚ್ ಇರುತ್ತೆ. ಕಾರ್ಖಾನೆಯಲ್ಲಿ ಗುತ್ತಿಗೆ ಫಿಟ್ಟರ್ ಆಗಿದ್ದಾಗ ನನ್ನ ಟೋಕನ್ ನಂಬರು. ನನ್ನ ಕೈ ದಾಟಿದ ಪ್ರತಿ ರಿಮ್ಮಿಗೂ ಹೊಡೀತೀನಿ."

"ಈ ಒಂದಕ್ಕೆ ಹೊಡೀದೇನೇ ಕೊಟ್ಟಿರಬಹುದಲ್ಲ," ಎಂದ ಇನ್ಸ್‌ಪೆಕ್ಟರ್.

ಕರಿಯಣ್ಣ ತಲೆ ಎತ್ತಿ ಅವನನ್ನು ಒಮ್ಮೆ ನೋಡಿ, ಕೈ ಒರೆಸಿಕೊಂಡು ಬೆಂಚಿಗೆ ಹೋಗಿ ಕೂತ.

ಹುಲಿಗೆಮ್ಮ ಭೂತಗನ್ನಡಿ ತೆಗೆಯುವ ಪೈಕಿಯಲ್ಲ. ಕನ್ನಡಕ ಹಣೆಗೇರಿಸಿ, ಚಕ್ರವನ್ನು ಅಕ್ಕಿಯಲ್ಲಿ ಕಲ್ಲು ಆರಿಸುವವರಂತೆ ನೋಡಿದರು. ಕಪ್ಪು ಬಣ್ಣದ ರಿಮ್ಮಿನ ಮೇಲೆ ಹಬ್ಬದ ಗಂಧ, ಅದರ ಮೇಲೆ ಕುಂಕುಮ ಒಣಗಿ ಹಿಡಿದಿತ್ತು. ಹೆಬ್ಬೆರಳಿನಲ್ಲಿ ಒತ್ತಿದ ದಪ್ಪ ಬೊಟ್ಟು. ಉಳಿದ ಚಕ್ರಗಳಲ್ಲೂ ಗಂಧ ಕುಂಕುಮ ಇತ್ತು, ಆದರೆ ಉರುಳಾಟದಲ್ಲಿ ಅಳಿಸಿ ಕಲೆಯಷ್ಟೇ ಉಳಿದಿತ್ತು. ಬಾನೆಟ್ಟಿನ ಸಂದಿಯಲ್ಲಿ ನಾಲ್ಕಾರು ಕೆಂಪು ಅಕ್ಷತೆಕಾಳು ಸಿಕ್ಕಿಕೊಂಡಿದ್ದವು. ಹಿಂಬಾಗಿಲಲ್ಲಿ ಈಗ ಆ ಗಾಳಿ ಹೋದ ಚಕ್ರ ನೇತಾಡುತ್ತಿತ್ತು. ಅದನ್ನು ಬಿಚ್ಚಿಸಿದಾಗ ಹಿಂದಿನ ಕಬ್ಬಿಣದ ಪಟ್ಟಿಯ ಗ್ರೀಸಿನಲ್ಲಿ ಮತ್ತಷ್ಟು ಅಕ್ಷತೆ ಅಂಟಿತ್ತು. ಇವು ಹಳದಿ. ಹುಲಿಗೆಮ್ಮ ಎರಡನ್ನೂ ಬೇರೆಬೇರೆ ಕಾಗದದಲ್ಲಿ ಕಟ್ಟಿಕೊಂಡರು.

"ಪೂಜೆಯಾದ ಗಾಡಿಯಲ್ಲಿ ಅಕ್ಷತೆ ಇರದೆ ಅಡಿಕೆ ಇರುತ್ತದೆಯೇ?" ಎಂದೆ ನಾನು.

"ಇರಲಿ ಮಾರಾಯ್ರೇ, ನಂಗೆ ಒಂದು ಚಟ," ಎಂದು, ಗಾಳಿ ಹೋದ ಆ ಚಕ್ರಕ್ಕೆ ಪಂಪು ಹಾಕಿಸಿದರು. ಎರಡು ಗಂಟೆ ಬಿಟ್ಟು ನೋಡಿದಾಗಲೂ ಅದು ಕಲ್ಲಿನಂತೆ ಗಟ್ಟಿಯಾಗಿತ್ತು. ಪಂಕ್ಚರ್ ಇರಲೇ ಇಲ್ಲ.

ವಿನೋಬನಗರದ ಮನೆಯಲ್ಲಿ ಯಜ್ಞನಾರಾಯಣರು ದಿಂಬುಗಳ ಮೇಲೆ ಕಾಲಿಟ್ಟು ಮಲಗಿದ್ದರು. ಪಕ್ಕದಲ್ಲಿ ಎರಡು ಮನೆ ಆಚೆಯ ರವಿಶಂಕರ ಎಂಬುವರು ಪೇಪರು ಓದಿ ಹೇಳುತ್ತಿದ್ದರು. ನಿವೃತ್ತ ಲೈಬ್ರೇರಿಯನ್, ಅರವತ್ತು ದಾಟಿದವರು, ಮಿತಭಾಷಿ. ಅಪಘಾತವಾದಂದಿನಿಂದ ದಿನವೂ ಬಂದು ಕೂರುತ್ತಾರೆಂದು ಮನೆಯೊಡತಿ ಶಾಮಲಾ ಹೇಳಿದರು.

"ಆ ಕರಿಯಣ್ಣನ ಪರವಾಗಿ ಬಂದಿದ್ರೆ ಈಗಲೇ ಹೊರಡಿ!" ಯಜ್ಞನಾರಾಯಣರು ಮಲಗಿದಲ್ಲಿಂದಲೇ ಕೈ ಬೀಸಿದರು. "ಅವನ ಅಂಗಡಿ ಮತ್ತೆ ತೆರೆಯಕ್ಕೆ ಬಿಡಲ್ಲ. ಅವನು ಜೈಲಿಗೆ ಹೋಗೋದನ್ನ ನಾನು ವೀಲ್‌ಚೇರಲ್ಲಿ ಕೂತಾದ್ರೂ ನೋಡ್ತೀನಿ. ಕಳ್ಳ ಯಾರು ಅಂತ ನಂಗೆ ಮುಖ ನೋಡಿದ ತಕ್ಷಣ ಗೊತ್ತಾಗುತ್ತೆ!"

ರವಿಶಂಕರರು ಪೇಪರಿನ ಪುಟ ಮಗುಚಿದರು.

ಆಕರ್ಷನನ್ನು ನೋಡಿದೊಡನೆ ನನ್ನ ಲೆಕ್ಕ ಮುಗಿದಿತ್ತು. ಇಪ್ಪತ್ತೈದರ ಯುವಕ, ಕಣ್ಣು ಕೊಟ್ಟು ಮಾತಾಡುವುದಿಲ್ಲ. ನವ್ಯಾ ಎಂಬ ಹುಡುಗಿಯನ್ನು ಮದುವೆಯಾಗುತ್ತೇನೆಂದಾಗ ಸೋದರಮಾವ ಅವನನ್ನು ಬೀದಿಯಲ್ಲಿ ನಿಲ್ಲಿಸಿ ಬೈದಿದ್ದರೆಂದು ಎದುರುಮನೆಯವರು ಆಗಲೇ ನನಗೆ ಹೇಳಿಯಾಗಿತ್ತು. ಚಕ್ರ ಹಾಕಿದವನೂ ಅವನೇ.

"ಹಾಕುವಾಗ ಏನೂ ಅನ್ನಿಸಲಿಲ್ವಾ?" ಹುಲಿಗೆಮ್ಮ ಕೇಳಿದರು.

"ನಾನು ಅದೇ ಮೊದಲನೇ ಸಲ ಮೇಡಂ ಚಕ್ರ ಚೇಂಜ್ ಮಾಡಿದ್ದು. ಸ್ವಲ್ಪ ಟೈಟ್ ಅನ್ನಿಸ್ತು. ಮಾವ ಲೇಟಾಯ್ತು ಅಂತ ಕೂಗಾಡ್ತಿದ್ರು."

ಶಾಮಲಾ ಹಬ್ಬದ ದಿನದ ಫೋಟೊ ತೋರಿಸಿದರು. ಗಾಡಿಯ ಹಿಂಭಾಗ, ಸ್ಟೆಪ್ನಿಯ ಮೇಲೆ ಗಂಧ, ಸಣ್ಣ ಬೆರಳಿನ ಐದು ಪುಟ್ಟ ಕುಂಕುಮದ ಬೊಟ್ಟು.

"ನಾನೇ ಇಟ್ಟಿದ್ದು," ಎಂದರು. "ನವಮಿ ದಿನ ಬೆಳಿಗ್ಗೆ ರವಿಶಂಕರ್ ಅವರೇ ಬಂದು ಮಂತ್ರ ಹೇಳಿ ಪೂಜೆ ಮಾಡಿಸಿದ್ರು. ಮಧ್ಯಾಹ್ನ ನಾವಿಬ್ರೂ ಭದ್ರಾವತಿಗೆ ನನ್ನ ತಂಗಿ ಮನೆಗೆ ಊಟಕ್ಕೆ ಹೋದ್ವಿ, ಬಸ್ಸಲ್ಲೇ. ಪೂಜೆಯಾದ ಗಾಡೀನ ಅವತ್ತು ಮುಟ್ಟಲ್ಲ ನೋಡಿ. ಮಾರನೇ ದಿನ ಅಕ್ಷತೆ ಹಾಕಿ, ಒಂಚೂರು ಸರಿಸಿ ಕದಲಿಸಬೇಕು. ಆಮೇಲೇನೇ ಉಪಯೋಗಿಸೋದು. ದೇವರು ಕೂತಿರ್ತಾರಲ್ಲ, ಹೇಳದೆ ಎಬ್ಬಿಸೋ ಹಾಗಿಲ್ಲ."

"ಕದಲಿಸೋದು ಅಂದ್ರೆ ಅದಾ? ನಾನು ಗಾಡಿ ತೊಳೆಯೋದು ಅಂದ್ಕೊಂಡಿದ್ದೆ," ಎಂದ ಆಕರ್ಷ. ಆ ಮಧ್ಯಾಹ್ನ ಅವನು ತಲೆನೋವೆಂದು ಹೇಳಿ ಊರಲ್ಲೇ ಉಳಿದಿದ್ದನಂತೆ. ನಾನು ಹುಲಿಗೆಮ್ಮನವರ ಕಡೆ ಅರ್ಥಗರ್ಭಿತವಾಗಿ ನೋಡಿದೆ. ಅವರು ದೇವರ ಮುಂದಿನ ಬೆಳ್ಳಿ ಬಟ್ಟಲಿನ ಕೆಂಪು ಅಕ್ಷತೆ ನೋಡುತ್ತಿದ್ದರು.

"ಚೆನ್ನಾಗಿದೆಯಲ್ಲ ಬಣ್ಣ," ಎಂದರು.

"ನಮ್ಮಲ್ಲಿ ಕುಂಕುಮ ಕಲಸಿಯೇ ಮಾಡೋದು. ಅತ್ತೆ ಕಾಲದಿಂದ," ಎಂದರು ಶಾಮಲಾ.

ಹೊರಡುವಾಗ ರವಿಶಂಕರರು ತಮ್ಮ ಮನೆಗೂ ಕರೆದರು. ಒಬ್ಬಂಟಿ ಗಂಡಸಿನ ಮನೆಗೆ ಅದು ಅತಿ ಚೊಕ್ಕಟವಾಗಿತ್ತು. ಗೋಡೆಯ ಮೇಲೆ ಹಾರ ಹಾಕಿದ ಹೆಂಗಸಿನ ಫೋಟೊ, ಅದರ ಕೆಳಗೆ ದೀಪ, ಒಂದು ತಟ್ಟೆಯಲ್ಲಿ ಹೂವು, ಅರಿಶಿನ ಕಲಸಿದ ಅಕ್ಷತೆ.

"ನನ್ನ ಹೆಂಡತಿ, ಶರಾವತಿ. ಯಜ್ಞನ ಸ್ಕೂಲಲ್ಲೇ ಟೀಚರಾಗಿದ್ದಳು. ಹುಷಾರಿಲ್ಲದೆ ಹೋಗಿ ಮೂರು ವರ್ಷ ಆಯ್ತು." ಅವರು ಕಾಫಿ ಕೊಟ್ಟರು. ಸ್ಟೆಪ್ನಿ ಹುಡುಕಾಟದಲ್ಲಿ ತಾವೂ ಭದ್ರಾವತಿಯ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದ್ದಾಗಿ, ನವಮಿಯ ಮಧ್ಯಾಹ್ನ ಮನೆಯಲ್ಲೇ ಇದ್ದುದಾಗಿ ತಾವೇ ಹೇಳಿದರು. "ಕರಿಯಣ್ಣ ಒಳ್ಳೆ ಕೆಲಸಗಾರ ಅನ್ನಿಸಿತ್ತು. ಪಾಪ," ಎಂದೂ ಸೇರಿಸಿದರು.

ಗೇಟಿನ ಬಳಿ ಶಾಮಲಾ ಹಿಂದೆಯೇ ಬಂದು ಹುಲಿಗೆಮ್ಮನವರ ಕೈ ಹಿಡಿದರು. "ಶರಾವತಿ ವಿಷಯ ದಯವಿಟ್ಟು ನಮ್ಮೆಜಮಾನ್ರ ಮುಂದೆ ಎತ್ತಬೇಡಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಗುರುವಾರ ನಾವಿಬ್ಬರೂ ಭದ್ರಾವತಿಯಲ್ಲಿ ಸ್ಟೆಪ್ನಿ ಹುಡುಕುವ ಗಿರಾಕಿಗಳಾದೆವು. ಬೆಳಗಿನಿಂದ ಐದು ಅಂಗಡಿ. ಒಬ್ಬ ಎತ್ತಿನಗಾಡಿಗಾಗುವಷ್ಟು ದೊಡ್ಡದನ್ನು ತೋರಿಸಿದ, ಇನ್ನೊಬ್ಬ ಆರು ತೂತಿನದನ್ನು ತಂದು "ಒಂದು ತೂತು ಜಾಸ್ತಿನೇ ಇದೆ, ತಗೊಳ್ಳಿ ಸಾರ್" ಎಂದ. ನನ್ನ ಸಿಟ್ಟು ನೆತ್ತಿಗೇರುವ ಹೊತ್ತಿಗೆ ಆರನೆಯ ಅಂಗಡಿಯ ಶಿವರಾಮ ಎಂಬವನು ಮಾತಿಗೆ ಸಿಕ್ಕಿದ.

"ಆ ಗಾಡೀದು ಸಿಗಲ್ಲ ಸಾರ್. ಶಿವಮೊಗ್ಗದೋರೊಬ್ರು, ಸ್ಕೂಲ್ ಸೆಕ್ರೆಟ್ರಿಯಂತೆ, ಅವ್ರೂ ಕೇಳ್ಕೊಂಡ್ ಬಂದಿದ್ರು. ಜೊತೆಗೆ ಒಬ್ರು ಕನ್ನಡಕದೋರು, ಒಬ್ಬ ಹುಡ್ಗ. ಒಂದು ಇತ್ತು, ತೋರಿಸ್ದೆ. ಐದು ತೂತು ಕೂರುತ್ತೆ, ನಡುವಿಂದು ಕೂರಲ್ಲ, ಹಾಕಿದ್ರೆ ದಾರೀಲಿ ಕಳಚುತ್ತೆ, ಜೀವಕ್ಕೆ ಅಪಾಯ ಅಂತ ನಾನೇ ಹೇಳ್ದೆ. ಸುಳ್ಳು ಹೇಳಿ ಮಾರೋನಲ್ಲ ನಾನು. ಆ ಸೆಕ್ರೆಟ್ರಿ ಫೋನಲ್ಲಿ ಕಿರುಚಾಡ್ತಾ ಆಚೆ ಹೋಗಿದ್ರು. ಮಿಕ್ಕಿಬ್ರು ಕೇಳಿಸ್ಕೊಂಡ್ರು."

"ಆ ಚಕ್ರ ಈಗೆಲ್ಲಿ?"

"ಹಬ್ಬಕ್ಕೆ ಮೂರ್ನಾಲ್ಕು ದಿನ ಇರೋವಾಗ ಒಬ್ರು ಬಂದು ತಗೊಂಡೋದ್ರು. ಗಿಡಕ್ಕೆ ನೀರು ಬಿಡೋ ಪೈಪು ಸುತ್ತಿಡಕ್ಕೆ ಅಂದ್ರು. ಹೆಲ್ಮೆಟ್ ತೆಗೀಲೇ ಇಲ್ಲ. ಹಬ್ಬದ ರಶ್ಶಲ್ಲಿ ನಾನೂ ನೋಡ್ಲಿಲ್ಲ."

ಹಿಂದಿರುಗುವಾಗ ಕರಿಯಣ್ಣನ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿದೆ. ಬಾಗಿಲು ಮುಚ್ಚಿತ್ತು. ಬೋರ್ಡಿನ ಮೇಲಿನ ಮಸಿಯನ್ನು ಯಾರೋ ಸೀಮೆಎಣ್ಣೆ ಹಾಕಿ ಉಜ್ಜಿದ್ದರು, ಆದರೆ ಅಕ್ಷರ ಹೋಗಿರಲಿಲ್ಲ.

"ಆಕರ್ಷನೇ," ಎಂದೆ. "ನಾಳೆ ಆ ಹುಡುಗನ ಕೆನ್ನೆಗೆ ನಾನೇ ಎರಡು ಬಿಡುತ್ತೇನೆ."

"ಕೈ ಜೇಬಲ್ಲಿ ಇಟ್ಕೊಳ್ಳಿ ಮೇಷ್ಟ್ರೇ," ಎಂದು ಹುಲಿಗೆಮ್ಮ ಇನ್ಸ್‌ಪೆಕ್ಟರಿಗೆ ಫೋನು ಮಾಡಿದರು.

ಶುಕ್ರವಾರ ಹತ್ತು ಗಂಟೆಗೆ ಎಲ್ಲರೂ ಯಜ್ಞನಾರಾಯಣರ ಹಾಲಿನಲ್ಲಿ ಸೇರಿದರು. ಅವರು ದಿಂಬಿಗೊರಗಿ ಕೂತಿದ್ದರು, ಪಕ್ಕದಲ್ಲಿ ಶಾಮಲಾ. ಎದುರಿಗೆ ರವಿಶಂಕರ, ಕಿಟಕಿಯ ಬಳಿ ಆಕರ್ಷ. ಇನ್ಸ್‌ಪೆಕ್ಟರ್ ಕರಿಯಣ್ಣನನ್ನು ಕರೆತಂದಿದ್ದ. ಅವನು ಕೂರಲು ಒಪ್ಪದೆ ಬಾಗಿಲ ಬಳಿ ನಿಂತ. ಪುಷ್ಪಮ್ಮ ಅವನಿಗೆ ಅಡ್ಡವಾಗಿ, ಯಾರಾದರೂ ಹೊಡೆಯಲು ಬಂದರೆ ಮೊದಲು ತನಗೆ ಬೀಳಲಿ ಎನ್ನುವ ಹಾಗೆ ನಿಂತಳು.

"ಮೊದಲನೇದು ಗಾಳಿ," ಎಂದು ಹುಲಿಗೆಮ್ಮ ಶುರುಮಾಡಿದರು. "ಅವತ್ತು ಬೆಳಿಗ್ಗೆ ಟೈರು ಪಂಕ್ಚರ್ ಆಗಿರಲಿಲ್ಲ. ಯಾರೋ ಬೇಕಂತ್ಲೇ ಗಾಳಿ ಬಿಟ್ಟಿದ್ರು, ಆ ಸ್ಟೆಪ್ನಿ ಹಾಕ್ಲೇಬೇಕು ಅಂತ. ಸ್ಟೆಪ್ನಿ ಕೊಟ್ಟೋನು ಭದ್ರಾವತಿಯಲ್ಲಿ. ಬೆಳಿಗ್ಗೆ ಎದ್ದು ಈ ಗೇಟೊಳಗೆ ಬಂದು ಗಾಳಿ ಬಿಟ್ಟೋನು ಇಲ್ಲೇ ಹತ್ತಿರದೋನು."

"ಕರಿಯಣ್ಣ ಯಾರನ್ನಾದರೂ ಕಳಿಸಿರಬಹುದು," ಎಂದರು ಯಜ್ಞನಾರಾಯಣ.

"ಎರಡನೇದು ಕುಂಕುಮ. ಪೂಜೆ ದಿನ ಸ್ಟೆಪ್ನಿಗೆ ಶಾಮಲಾ ಅವರು ಸಣ್ಣ ಬೆರಳಲ್ಲಿ ಐದು ಬೊಟ್ಟು ಇಟ್ಟಿದ್ರು. ಫೋಟೊ ಇದೆ. ಕಳಚಿಬಿದ್ದ ಚಕ್ರದಲ್ಲಿ ಗಂಡಸಿನ ಹೆಬ್ಬೆರಳಿನ ಒಂದೇ ದಪ್ಪ ಬೊಟ್ಟು. ಅಂದ್ರೆ ಪೂಜೆಯಾದ ಚಕ್ರ ಬೇರೆ, ಕಳಚಿದ ಚಕ್ರ ಬೇರೆ. ಪೂಜೆ ಆದ್ಮೇಲೆ ಯಾರೋ ಬದಲಾಯಿಸಿದ್ರು. ಕರಿಯಣ್ಣ ಕೊಟ್ಟಿದ್ದು ಸರಿಯಾದ ಚಕ್ರಾನೇ."

ಪುಷ್ಪಮ್ಮನ ಉಸಿರು ನನಗೆ ಕೇಳಿಸಿತು. ಇನ್ಸ್‌ಪೆಕ್ಟರ್ ನೆಲ ನೋಡಿದ.

"ಯಾವಾಗ ಬದಲಾಯಿಸಿದ್ರು? ದಶಮಿಯಿಂದ ಮುಂದೆ ಗಾಡಿ ಹಗಲೆಲ್ಲ ಯಜಮಾನ್ರ ಜೊತೆ ಊರೂರು ಸುತ್ತಿದೆ. ರಾತ್ರಿ ಚಕ್ರ ಬಿಚ್ಚಿದ್ರೆ ಸದ್ದಿಗೆ ಮನೆಯೋರು ಏಳ್ತಾರೆ. ಮನೇಲಿ ಜನ ಇಲ್ಲದೆ, ಗಾಡಿ ಮಾತ್ರ ಇದ್ದಿದ್ದು ನವಮಿ ಮಧ್ಯಾಹ್ನ ಒಂದೇ. ಅವತ್ತು ಈ ಮನೆಯೋರು ಗಾಡಿ ಮುಟ್ಟಲ್ಲ, ಬಸ್ಸಲ್ಲೇ ಹೋಗ್ತಾರೆ ಅಂತ ಗೊತ್ತಿದ್ದೋರು ಮಾಡಿದ್ದು. ಇನ್ನು ಆ ಚಕ್ರ ಹಾಕಿದ್ರೆ ಕಳಚುತ್ತೆ ಅಂತ ಗುಜರಿ ಶಿವರಾಮ ಹೇಳಿದ್ದನ್ನ ಕೇಳಿಸಿಕೊಂಡೋರು ಇಬ್ರು. ಆಕರ್ಷ, ಮತ್ತೆ ರವಿಶಂಕರ್."

"ನಾನಲ್ಲ! ನಾನು ಅವತ್ತು ನವ್ಯಾ ಜೊತೆ ಸಿನಿಮಾಕ್ಕೆ ಹೋಗಿದ್ದೆ," ಎಂದು ಆಕರ್ಷ ಅರಚಿದ. ಅವನ ಸೋದರಮಾವನಿಗೆ ಮುರಿದ ಕಾಲಿಗಿಂತ ಇದೇ ಹೆಚ್ಚು ನೋವು ಕೊಟ್ಟಂತೆ ಕಂಡಿತು.

"ನೀನಲ್ಲ ಅಂತ ಗೊತ್ತು. ಕೂತ್ಕೋ." ಹುಲಿಗೆಮ್ಮ ಎರಡು ಪೊಟ್ಟಣ ಬಿಚ್ಚಿ ಟೀಪಾಯಿಯ ಮೇಲಿಟ್ಟರು. "ಇದು ಬಾನೆಟ್ಟಲ್ಲಿ ಸಿಕ್ಕ ಅಕ್ಷತೆ. ಕೆಂಪು, ಈ ಮನೇದು. ಪೂಜೆ ದಿನ, ಕದಲಿಸಿದ ದಿನ, ಎರಡು ಸಲಾನೂ ಹಾಕಿದ್ದು ಇದೇ. ಇದು ಸ್ಟೆಪ್ನಿ ಹಿಂದೆ ಗ್ರೀಸಲ್ಲಿ ಅಂಟಿದ್ದು. ಹಳದಿ. ಈ ಮನೇಲಿ ಹಳದಿ ಅಕ್ಷತೆ ಮಾಡೋದೇ ಇಲ್ಲ. ಹಾಗಾದ್ರೆ ಬೇರೆ ಮನೆ ಅಕ್ಷತೆ ತಂದು, ಈ ಚಕ್ರ ಒಂದಕ್ಕೆ ಮಾತ್ರ ಹಾಕಿದೋರು ಯಾರು? ಯಾಕೆ?"

ಹುಲಿಗೆಮ್ಮ ರವಿಶಂಕರರ ಕಡೆ ತಿರುಗಿದರು. ಅವರ ದನಿಯಲ್ಲಿ ಗೆಲುವಿರಲಿಲ್ಲ.

"ಯಾಕೆ ಅಂದ್ರೆ ಅವತ್ತು ಬೆಳಿಗ್ಗೆ ನೀವೇ ಮಂತ್ರ ಹೇಳಿ ಅದರಲ್ಲಿ ದೇವರನ್ನ ಕೂರಿಸಿದ್ರಿ. ಮಧ್ಯಾಹ್ನ ಅದನ್ನ ಬಿಚ್ಚಬೇಕಿತ್ತು. ಮನುಷ್ಯನನ್ನ ಕೊಲ್ಲಕ್ಕೆ ಹೊರಟಿದ್ರಿ, ಅದಕ್ಕೆ ಹಿಂಜರೀಲಿಲ್ಲ. ಆದ್ರೆ ಕದಲಿಸದೆ ಆ ಚಕ್ರ ಮುಟ್ಟಕ್ಕೆ ನಿಮ್ಮ ಕೈಲಾಗಲಿಲ್ಲ. ಶರಾವತಿಯವರ ಫೋಟೊ ಮುಂದಿದ್ದ ಅಕ್ಷತೆ ತಂದು ಹಾಕಿ, ಸರಿಸಿ, ಆಮೇಲೇ ಬಿಚ್ಚಿದ್ರಿ. ಆಕರ್ಷನಿಗೆ ಆ ಮಾತಿನ ಅರ್ಥಾನೇ ಗೊತ್ತಿಲ್ಲ. ಪೂಜೆಯಾದ ಚಕ್ರಾನ ಹೊಳೆಗೋ ತಿಪ್ಪೆಗೋ ಎಸೆಯಕ್ಕೂ ನಿಮ್ಮ ಕೈಲಾಗಿರಲ್ಲ ಅಂದ್ಕೊಂಡೆ. ಇನ್ಸ್‌ಪೆಕ್ಟರ್ ಇವತ್ತು ನಿಮ್ಮ ಮನೆಗೆ ವಾರಂಟ್ ತಂದಿದಾರೆ."

ಹೊರಗಿನಿಂದ ಇಬ್ಬರು ಕಾನ್‌ಸ್ಟೇಬಲ್‌ಗಳು ಚಕ್ರವೊಂದನ್ನು ಹೊತ್ತು ತಂದರು. ದೇವರಮನೆಯ ಮೂಲೆಯಲ್ಲಿ ಮಡಿವಸ್ತ್ರ ಹೊದಿಸಿ ಇಟ್ಟಿದ್ದರಂತೆ. ಅದರ ಮೇಲೆ ಐದು ಪುಟ್ಟ ಬೊಟ್ಟುಗಳಿದ್ದವು. ಇನ್ಸ್‌ಪೆಕ್ಟರ್ ಒಳಗೆ ಟಾರ್ಚು ಬಿಟ್ಟು ಓದಿದ: 417.

ರವಿಶಂಕರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಯಜ್ಞನಾರಾಯಣರನ್ನೇ ನೋಡುತ್ತಾ ಮಾತಾಡಿದರು.

"ಪ್ರೇಯರ್ ಹೊತ್ತಲ್ಲಿ, ಆರುನೂರು ಮಕ್ಕಳ ಎದುರಿಗೆ, ಪ್ರಶ್ನೆಪತ್ರಿಕೆ ಆಚೆ ಬಿಟ್ಟ ಕಳ್ಳಿ ಈಕೆ ಅಂತ ನನ್ನ ಹೆಂಡತಿಗೆ ಬೆರಳು ತೋರಿಸಿದೆ. ಮುಖ ನೋಡಿದ್ರೇ ಗೊತ್ತಾಗುತ್ತೆ ಅಂದೆ. ತಿಂಗಳ ಮೇಲೆ ನಿಜವಾದ ಕಳ್ಳ ಸಿಕ್ಕಿದ. ಆಗ ನೀನು ಏನಂದೆ, ನೆನಪಿದೆಯಾ? ಹೋಗ್ಲಿ ಬಿಡು ರವಿ, ಜನ ಮರೆತುಬಿಡ್ತಾರೆ ಅಂದೆ. ಶರಾವತಿ ಮರೀಲಿಲ್ಲ. ಆಚೆ ಹೋಗೋದು ಬಿಟ್ಟಳು, ಊಟ ಬಿಟ್ಟಳು, ಮಾತು ಬಿಟ್ಟಳು. ಎಂಟು ತಿಂಗಳಿಗೆ ಹೋದಳು. ಅವತ್ತಿಂದ ಮೂರು ವರ್ಷ ನಿನ್ನ ಜೊತೆ ದಿನಾ ವಾಕಿಂಗ್ ಬಂದೆ. ಯಾಕೆ ಬರ್ತಾನೆ ಅಂತ ನೀನು ಒಂದು ದಿನ ಯೋಚನೆ ಮಾಡಲಿಲ್ಲ. ನಾನು ಕೇಳಿದ್ದು ನಿನ್ನ ಕಾಲಲ್ಲ ಯಜ್ಞ. ಅಷ್ಟೇ ನನ್ನ ಬೇಜಾರು."

"ಒದ್ದು ಒಳಗೆ ಹಾಕಿ ಇವನನ್ನ!" ಯಜ್ಞನಾರಾಯಣರ ಕತ್ತಿನ ನರ ಉಬ್ಬಿತು. "ಉಂಡ ಮನೆಗೆ..."

"ನೀವು ಸುಮ್ನಿರಿ," ಎಂದರು ಶಾಮಲಾ. "ಶರಾವತಿಗೆ ಒಂದು ಕ್ಷಮೆ ಕೇಳಿ ಅಂತ ನಾನು ಕಾಲಿಗೆ ಬಿದ್ದಿದ್ದೆ. ಕೇಳಿದ್ರಾ?" ಅವರು ಗಂಡನ ಪಕ್ಕದಿಂದ ಎದ್ದು ಆಕರ್ಷನ ಹತ್ತಿರ ಹೋಗಿ ನಿಂತರು.

ಸುಳ್ಳು ಹೇಳುವುದಿಲ್ಲ, ಆ ಗಳಿಗೆಯಲ್ಲಿ ನನಗೆ ರವಿಶಂಕರರ ಮೇಲೆ ಸಿಟ್ಟು ಬರಲಿಲ್ಲ. ಗಾಡಿ ಇನ್ನೊಂದಿಷ್ಟು ವೇಗದಲ್ಲಿದ್ದಾಗ ಚಕ್ರ ಕಳಚಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಬಂದು, ಅದರಿಂದ ನನಗೆ ಅಂಥ ಸಂಕಟವೇನೂ ಆಗಲಿಲ್ಲ. ರವಿಶಂಕರರು ತಲೆ ಎತ್ತಿಯೇ ಇದ್ದರು. ಮಾಡಬೇಕಾದ್ದನ್ನು ಮಾಡಿ ಮುಗಿಸಿದ ಮನುಷ್ಯನ ಮುಖ ಅದು.

ಪುಷ್ಪಮ್ಮ ಮೊದಲು ಹೋದದ್ದು ಯಜ್ಞನಾರಾಯಣರ ಹತ್ತಿರ. "ಕಾಲು ಸರಿಹೋದ್ಮೇಲೆ ಭದ್ರಾವತಿಗೆ ಬನ್ನಿ. ನಮ್ಮ ಬೋರ್ಡಿನ ಮೇಲಿರೋ ಅಕ್ಷರಾನ ನಿಮ್ಮ ಕೈಯಾರೆ ಅಳಿಸ್ಬೇಕು, ಬಜಾರಿನೋರೆಲ್ಲ ನೋಡೋ ಹಂಗೆ. ಅಲ್ಲೀವರೆಗೂ ನಾನು ಅದನ್ನ ಒರೆಸಲ್ಲ. ಬರ್ಲಿಲ್ಲ ಅಂದ್ರೆ ಬೋರ್ಡ್ ಕಿತ್ಕೊಂಡು ನಿಮ್ಮ ಸ್ಕೂಲ್ ಗೇಟಿಗೇ ತಂದು ನಿಲ್ಲಿಸ್ತೀನಿ." ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

ಆಮೇಲೆ ಅವಳು ರವಿಶಂಕರರ ಎದುರು ನಿಂತಳು. ಬೇಕೆಂದು ಕೇಳಿಕೊಂಡು ಬಂದ ಹೆಸರು ಕಣ್ಣ ಮುಂದೆ ಕೂತಿತ್ತು. ಅವಳ ಬಲಗೈ ಮುಷ್ಟಿಯಾಗಿದ್ದನ್ನು ನಾನು ನೋಡಿದೆ. ಕರಿಯಣ್ಣ ಹಿಂದಿನಿಂದ ಬಂದು ಅವಳ ಭುಜದ ಮೇಲೆ ಕೈಯಿಟ್ಟು ಪಕ್ಕಕ್ಕೆ ಸರಿಸಿದ.

"ಸಾರ್," ಎಂದ. "ಒಂದ್ ಮಾತು ಕೇಳ್ಲಾ?"

ರವಿಶಂಕರರು ತಲೆಯಾಡಿಸಿದರು.

"ಅವತ್ತು ಸ್ಕೂಲಲ್ಲಿ ಅಮ್ಮಾವ್ರನ್ನ ಕಳ್ಳಿ ಅಂದಾಗ, ಅದು ಸುಳ್ಳು ಅಂತ ಗೊತ್ತಿದ್ದೂ ಪಕ್ಕದಲ್ಲಿ ಬಾಯಿ ಮುಚ್ಕೊಂಡು ನಿಂತಿದ್ದೋರು ಯಾರಾದ್ರೂ ಇದ್ರಾ?"

"ಇದ್ದರು," ಎಂದರು ರವಿಶಂಕರ. "ಇಬ್ಬರು."

"ಅವ್ರನ್ನ ಕ್ಷಮಿಸಿದೀರಾ?"

ಹನ್ನೊಂದು ದಿನದಿಂದ ತಾನು ಇದೇ ಕುರ್ಚಿಯಲ್ಲಿ ಕೂತು, ಯಜ್ಞನಾರಾಯಣರು ಕರಿಯಣ್ಣನನ್ನು ಕಳ್ಳ, ಕೊಲೆಗಾರ ಎಂದು ಬೈಯುವುದನ್ನು ಕೇಳುತ್ತಾ ಪೇಪರು ಮಗುಚಿದ್ದು ರವಿಶಂಕರರಿಗೆ ಆಗ ಕಂಡಿತೆಂದು ತೋರುತ್ತದೆ. ಅವರ ಮುಖದ ಬಣ್ಣವೇ ಹೋಯಿತು.

"ಇಲ್ಲ."

"ನಾನೂ ಇಲ್ಲ," ಎಂದ ಕರಿಯಣ್ಣ. ಹೆಂಡತಿಯ ಕಡೆ ತಿರುಗಿ "ನಡಿ, ಬಸ್ಸಿದೆ" ಎಂದು ಹೊರಗೆ ಹೋದ.

ಅಲ್ಲಿಯತನಕ ಬಾಗದಿದ್ದ ರವಿಶಂಕರರು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಇನ್ಸ್‌ಪೆಕ್ಟರ್ ಎರಡು ಸಲ ಕರೆದರೂ ಅವರಿಗೆ ಏಳಲಾಗಲಿಲ್ಲ.